ಗುತ್ತೇದಾರ ಬೀರಪ್ಪನ ಹಾಲಿಲ್ಲದ ಚಹಾ

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: "ಬುದ್ಧಿ ಹೇಳಿದಾಂವ ಹೇಳಿ ಮರೀತಾನ, ಕೇಳಿದಾಂವ ಹೊತ್ತು ತಿರಗತಾನ." ನೆರೆಮನೆಯ ಜಗಳ, ಮದುವೆಯ ಮಾತುಕತೆ, ಎಮ್ಮೆ ವ್ಯಾಪಾರ, ಎಲ್ಲಕ್ಕೂ ಅವಳು ಇದೇ ಮಾತು ಬಳಸುತ್ತಿದ್ದಳು. ಆದಾಯ ತೆರಿಗೆಗೂ ಇದು ಒಪ್ಪುತ್ತದೆ ಎಂದು ತಿಳಿಯುವ ಹೊತ್ತಿಗೆ ನನ್ನ ಕೂದಲು ಬೆಳ್ಳಗಾಗಿತ್ತು.

ನಾನು ರಾಯಚೂರಿನ ಆಡಿಟರ್ ದೇಸಾಯಿ ಸಾಹೇಬರ ಕಚೇರಿಗೆ ಗುಮಾಸ್ತನಾಗಿ ಸೇರಿ, ಅಲ್ಲೇ ಕೂತು ಅಲ್ಲೇ ಎದ್ದು ನಿವೃತ್ತನಾದವನು. ತೀನ್ ಕಂದಿಲ್ ವೃತ್ತದ ಹತ್ತಿರ ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು. ನಡುವೆ ಒಂದು ಕಡಿದಾದ ಮೆಟ್ಟಿಲು. ಹತ್ತಿ ಬಂದವರು ಮೊದಲು ಏದುಸಿರು ಬಿಡುತ್ತಿದ್ದರು, ಆಮೇಲೆ ಲೆಕ್ಕ ಬಿಚ್ಚುತ್ತಿದ್ದರು. ಈಗ ನಮ್ಮ ತಮ್ಮನ ಮಗಳು ಇದೇ ಕಸುಬಿಗೆ ಸೇರಿದ್ದಾಳೆ. ಮೊನ್ನೆ ಕೇಳಿದಳು: "ದೊಡ್ಡಪ್ಪಾ, ನಿಮ್ಮ ಕಾಲದಾಗ ಕಂಪ್ಯೂಟರೂ ಇರಲಿಲ್ಲ, ಪೋರ್ಟಲ್ಲೂ ಇರಲಿಲ್ಲ. ಮತ್ತ ದಿನಪೂರ್ತಿ ಏನು ಮಾಡ್ತಿದ್ರಿ?"

"ಕೇಳ್ತಿದ್ವಿ," ಅಂದೆ.

"ಏನು ಕೇಳ್ತಿದ್ರಿ?"

"ಜನ ಹೇಳೋದು."

ಅವಳಿಗೆ ಸಮಾಧಾನವಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೂ, ಅವಳಂತೆ ಹೊಸದಾಗಿ ಈ ಕುರ್ಚಿಗೆ ಬರುವವರಿಗೂ.

ನಮ್ಮ ಕಚೇರಿಗೆ ಹೆಚ್ಚಾಗಿ ಬರುತ್ತಿದ್ದವರು ಗುತ್ತೇದಾರರು. ಕಾಲುವೆ ಹೂಳು ತೆಗೆಯುವವರು, ಪಂಪು ರಿಪೇರಿ ಮಾಡುವವರು, ರಸ್ತೆಗೆ ಕಲ್ಲು ಹೊಡೆಸುವವರು. ದೇವದುರ್ಗದಿಂದ, ಮಾನ್ವಿಯಿಂದ, ಶಕ್ತಿನಗರದಿಂದ ಮೊದಲ ಬಸ್ಸಿಗೆ ಬಂದು, ನಮ್ಮ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಒಬ್ಬರ ಬಿಲ್ಲುಗಳು ಟವೆಲ್ಲಿನಲ್ಲಿ, ಇನ್ನೊಬ್ಬರದು ಊಟದ ಡಬ್ಬಿಯಲ್ಲಿ. ಡಬ್ಬಿಯ ಬಿಲ್ಲಿಗೆ ಶೇಂಗಾ ಚಟ್ನಿಯ ವಾಸನೆ. ಹಸಿದ ಹೊತ್ತಿನಲ್ಲಿ ಅಂಥ ಲೆಕ್ಕ ಬರೆಯುವುದು ಬಲು ಕಷ್ಟ.

ದೇಸಾಯಿ ಸಾಹೇಬರಿಗೆ ಒಂದು ಪದ್ಧತಿ ಇತ್ತು. ಕಾನೂನಿನ ಮಾತನ್ನು ನಾಲ್ಕು ಶಬ್ದದಲ್ಲಿ ಹೇಳಿ, ಒಂದು ಚಿಟಿಕೆ ನಶ್ಯ ಏರಿಸಿ, "ತಿರಗಿ ಹೇಳು" ಅನ್ನುತ್ತಿದ್ದರು. ಎದುರಿಗಿದ್ದವನು ಎಷ್ಟು ದೊಡ್ಡ ಗುತ್ತೇದಾರನಾದರೂ ಶಾಲೆಯ ಹುಡುಗನಂತೆ ತಿರುಗಿ ಹೇಳಬೇಕು. ತಪ್ಪಿದರೆ ಮತ್ತೆ. ಸರಿಯಾಗಿ ಹೇಳಿದರೂ ಒಮ್ಮೊಮ್ಮೆ ಮತ್ತೆ. "ಬರೆದು ಕೊಟ್ಟದ್ದನ್ನು ಕಳಕೋತಾರ ಪಂಪಣ್ಣ, ಬಾಯಿಗೆ ಬಂದದ್ದನ್ನು ಕಳಕೊಳ್ಳಂಗಿಲ್ಲ" ಎಂದು ನನಗೆ ಹೇಳುತ್ತಿದ್ದರು. ಅದು ಅವರ ನಂಬಿಕೆ. ಈ ನಂಬಿಕೆ ಎಷ್ಟು ನಿಜ ಎನ್ನುವುದೇ ಈ ಕಥೆ.

ಆಗ ಎಲ್ಲರ ತಕರಾರೂ ಒಂದೇ: ಓಡಾಟದ ಖರ್ಚು. ಮಾನ್ವಿಯ ಮೆಹಬೂಬ್ ಸಾಬ್ ಎಂಬುವರಿಗೆ ದೇವದುರ್ಗದ ಕಡೆ ನೀರಿನ ಪಂಪುಗಳನ್ನು ನೋಡಿಕೊಳ್ಳುವ ಗುತ್ತಿಗೆ ಸಿಕ್ಕಿತ್ತು. ಒಂದು ವರ್ಷಕ್ಕೆ ಅಂತ ಸಿಕ್ಕಿದ್ದು ನವೀಕರಣವಾಗುತ್ತಲೇ ಹೋಯಿತು. ಸಾಬರು ಮಾನ್ವಿಯ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಿದ್ದರು. ವರ್ಷದ ಕೊನೆಗೆ ಪೆಟ್ರೋಲ್ ಬಿಲ್ಲುಗಳ ಒಂದು ಚೀಲ ತಂದು ಸಾಹೇಬರ ಮೇಜಿನ ಮೇಲೆ ಸುರಿದರು. ಸಾಹೇಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಸಾಬರ, ಇದು ಬಕ್ರೀದ್ ದಿನದ್ದು ಅದ. ಹಬ್ಬದ ದಿನಾನೂ ಪಂಪು ರಿಪೇರಿ ಏನು?"

"ಪಂಪಿಗೆ ಹಬ್ಬ ಅಂದ್ರ ಏನು ಗೊತ್ತದ ಸಾಬ್?"

"ಅದು ಖರೆ. ಎಲ್ಲಿಗೆ ಹೋಗಿದ್ರಿ?"

ಸಾಬರು ಬಿಲ್ಲಿನ ಕಡೆ ಬಗ್ಗಿ ನೋಡಿದರು. "ಸಸುರಾಲ್."

"ಅಲ್ಲಿ ಪಂಪು ಇತ್ತೇನು?"

"ಮಾವನ ಬಾವ್ಯಾಗ ಒಂದು ಇತ್ತು ಸಾಬ್. ಅಲ್ಲಾನ ಆಣಿ, ಅದೂ ಕೆಟ್ಟಿತ್ತು."

ಸಾಹೇಬರ ನಶ್ಯ ನಗುವಿನಲ್ಲಿ ಮೇಜಿನ ತುಂಬ ಹಾರಿ, ನಾವು ಮೂವರೂ ಬಹಳ ಹೊತ್ತು ಸೀನಿದೆವು. ಸೀನು ನಿಂತ ಮೇಲೆ ಸಾಹೇಬರು ಹೇಳಿದರು: "ಮನಿಯಿಂದ ಕೆಲಸದ ಜಾಗಕ್ಕ ಹೋದದ್ದು ನಿಮ್ಮ ಖರ್ಚು. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕ ಹೋದದ್ದು ಕೆಲಸದ ಖರ್ಚು. ತಿರಗಿ ಹೇಳ್ರಿ."

ಸಾಬರು ತಿರುಗಿ ಹೇಳಿದರು. ಆಮೇಲೆ ಕೇಳಿದರು: "ಮನಿ ಮಾನ್ವಿಯೊಳಗ, ಕೆಲಸ ದೇವದುರ್ಗದಾಗ. ನಾ ಏನು ಹಾರಿ ಹೋಗ್ಲಿ?"

"ಹಾರಿ ಹೋಗ್ರಿ, ಪೆಟ್ರೋಲ್ ಉಳೀತದ."

ಕಾನೂನು ಕೇಳುವುದು ಇಷ್ಟೇ: ನೀನು ಸಾಮಾನ್ಯವಾಗಿ ಕೆಲಸ ಮಾಡುವ ಜಾಗ ಯಾವುದು? ನಾಲ್ಕು ತಿಂಗಳ ಕೆಲಸಕ್ಕೆ ಬೇರೆ ಊರಿಗೆ ಹೋಗಿ ಉಳಿದರೆ ಆ ಓಡಾಟ, ಊಟ, ವಸತಿ ಎಲ್ಲ ಕೆಲಸದ ಖರ್ಚು. ಅದೇ ಜಾಗದಲ್ಲಿ ಗುತ್ತಿಗೆ ವರ್ಷದ ಮೇಲೆ ವರ್ಷ ಬೆಳೆಯುತ್ತ ಹೋದರೆ ಅದೇ ನಿನ್ನ ಕೆಲಸದ ಜಾಗವಾಗಿಬಿಡುತ್ತದೆ. ಆಮೇಲೆ ಊರಿಗೆ ಹೋಗಿ ಬಂದದ್ದು ಊರಿಗೆ ಹೋಗಿ ಬಂದದ್ದೇ, ಕೆಲಸಕ್ಕೆ ಹೋದದ್ದಲ್ಲ. ಯಾವ ದಿನದಿಂದ ಹೀಗಾಯಿತು ಎಂದು ಯಾರೂ ಬೋರ್ಡು ಹಾಕುವುದಿಲ್ಲ. ಅದು ಮನೆಗೆ ಬಂದು ಸೇರಿಕೊಂಡ ಬೆಕ್ಕಿನ ಹಾಗೆ. ಮೊದಲು ಯಾರದೋ ಬೆಕ್ಕು ಅಂತ ಅಟ್ಟುತ್ತೀರಿ, ಒಂದು ದಿನ ನೋಡಿದರೆ ಅದು ನಿಮ್ಮ ಕೌದಿಯಲ್ಲೇ ಮಲಗಿರುತ್ತದೆ.

ಈ ಮೆಹಬೂಬ್ ಸಾಬರೇ ಒಂದು ಬೆಳಿಗ್ಗೆ ಬೀರಪ್ಪನನ್ನು ಕರೆತಂದದ್ದು. ಮಸರಕಲ್ ಊರಿನವನು, ಕುರಿ ಸಾಕುವ ಮನೆತನ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಗುತ್ತಿಗೆಯ ಕಾಗದ. ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ ಹೊಂಡದ ಏರಿಯನ್ನು ಗಟ್ಟಿ ಮಾಡಿ ನೋಡಿಕೊಳ್ಳುವ ಕೆಲಸ ಅವನಿಗೆ ಸಿಕ್ಕಿತ್ತು. ಒಂದು ವರ್ಷಕ್ಕೆ. ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸಲು ಊರ ಅಂಚಿಗೆ ಸಣ್ಣ ಜಾಗ ಕೊಂಡು, ತಗಡಿನ ಶೆಡ್ಡು ಹಾಕಿದ್ದ. ಹೆಂಡತಿ ಮಲ್ಲವ್ವ ಜೊತೆಗೇ ಇದ್ದು ಅಡುಗೆ ಮಾಡುತ್ತಾಳೆ ಅಂದ.

ಸಾಹೇಬರು ಎಲ್ಲ ಕೇಳಿ ಹೇಳಿದರು: "ಒಂದು ವರ್ಷದ ಕೆಲಸ. ಹೋಗಿ ಬಂದ ಖರ್ಚು, ಅಲ್ಲಿ ಇದ್ದ ಖರ್ಚು ಕೆಲಸದ ಲೆಕ್ಕದಾಗ ನಿಲ್ತದ. ಆದರ ಅಲ್ಲಿ ಮನಿ ಮಾಡಬ್ಯಾಡ. ಹಾಲು ಉಕ್ಕಿಸಿದಿ ಅಂದ್ರ ಮುಗೀತು, ಅದು ನಿನ್ನ ಮನಿ. ತಿರಗಿ ಹೇಳು."

ಬೀರಪ್ಪ ಕಂಬಳಿಯನ್ನು ಸರಿಮಾಡಿಕೊಂಡು, ಕಣ್ಣು ಮುಚ್ಚಿ ಹೇಳಿದ: "ಮನಿ ಮಾಡಂಗಿಲ್ಲ. ಹಾಲು ಉಕ್ಕಿಸಂಗಿಲ್ಲ."

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದ. ಅಷ್ಟು ಭಕ್ತಿಯಿಂದ ಯಾರೂ ತಿರುಗಿ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಸಾಹೇಬರಿಗೆ ಬಹಳ ಸಂತೋಷವಾಯಿತು. "ನೋಡು ಪಂಪಣ್ಣ, ಇದು ಗ್ರಹಿಕೆ ಅಂದ್ರ" ಅಂದರು.

ಒಂದು ವರ್ಷದ ಗುತ್ತಿಗೆ ಎರಡಾಯಿತು, ನಾಲ್ಕಾಯಿತು, ಆಮೇಲೆ ನಾವು ಎಣಿಸುವುದನ್ನು ಬಿಟ್ಟೆವು. ಪ್ರತಿ ಬೇಸಿಗೆಗೆ ನಾನು ಬಿಲ್ಲು ತರಲು ಶಕ್ತಿನಗರಕ್ಕೆ ಹೋಗುತ್ತಿದ್ದೆ. ಅಲ್ಲಿ ಬೀರಪ್ಪನ ಶೆಡ್ಡು ಇದ್ದ ಹಾಗೇ ಇತ್ತು. ಅವನ ಹತ್ತಿರ ಈಗ ಎರಡು ಟ್ರ್ಯಾಕ್ಟರ್, ಒಂದು ಜೀಪು, ಕೈಕೆಳಗೆ ಅವನ ಊರಿನವರೇ ಹತ್ತಾರು ಆಳು. ಆದರೆ ಶೆಡ್ಡಿಗೆ ಬಾಗಿಲಿಲ್ಲ, ಗೋಣಿಚೀಲದ ಪರದೆ. ನೆಲಕ್ಕೆ ಫರಸಿ ಇಲ್ಲ. ಮಲ್ಲವ್ವ ಹೊರಗೆ ಮೂರು ಕಲ್ಲಿನ ಮೇಲೆ ಅಡುಗೆ ಮಾಡುತ್ತಿದ್ದಳು. ಸ್ಥಾವರದ ಕಡೆಯಿಂದ ಗಾಳಿ ಬೀಸಿದರೆ ರೊಟ್ಟಿಯ ಮೇಲೆ ಬೂದಿ ಕೂಡುತ್ತಿತ್ತು. ಆಕೆ ಅದನ್ನು ಸೆರಗಿನಿಂದ ಬಡಿದು ಬಡಿಸುತ್ತಿದ್ದಳು.

ಇದೆಲ್ಲ ಇರಲಿ, ಚಹಾ ಇದೆಯಲ್ಲ, ಅದು ನನಗೆ ದೊಡ್ಡ ಒಗಟಾಗಿತ್ತು. ಕಪ್ಪು ಚಹಾ. ಬೆಲ್ಲ, ಚಹಾ ಪುಡಿ, ನೀರು. ಅಷ್ಟೇ. ಶೆಡ್ಡಿನ ಪಕ್ಕದಲ್ಲಿ ಅವರ ಆಡುಗಳನ್ನು ಕಟ್ಟಿರುತ್ತಿದ್ದರು, ಕೆಚ್ಚಲು ನೆಲ ಮುಟ್ಟುವ ಹಾಗೆ. ಕುರಿ ಮೇಕೆ ಸಾಕಿದ ಮನೆತನದವನ ಶೆಡ್ಡಿನಲ್ಲಿ ಹಾಲಿಲ್ಲದ ಚಹಾ! ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿದೆ: ದುಡ್ಡು ಬಂದ ಹಾಗೆಲ್ಲ ಜಿಪುಣತನ ಬಂದಿದೆ.

ಒಂದು ವರ್ಷ ರಾಯಚೂರಿನಿಂದ ಹೋಗುವಾಗ ನಾನೇ ಒಂದು ಹಾಲಿನ ಪಾಕೀಟು ಒಯ್ದೆ. "ಯವ್ವಾ, ಇದನ್ನು ಚಾಕ್ಕ ಹಾಕು" ಅಂತ ಮಲ್ಲವ್ವನ ಕೈಗೆ ಕೊಟ್ಟೆ. ಆಕೆ ಪಾಕೀಟನ್ನು ನೋಡಿದಳು, ಗಂಡನನ್ನು ನೋಡಿದಳು. ಬೀರಪ್ಪ ಸುಮ್ಮನೆ ತಲೆ ಅಲ್ಲಾಡಿಸಿದ. ಆಕೆ ಒಲೆಯ ಕಡೆ ಹೋಗಿ ಎರಡು ಲೋಟ ತಂದಿಟ್ಟಳು. ಒಂದರಲ್ಲಿ ಕುದಿಯುವ ಕಪ್ಪು ಚಹಾ. ಇನ್ನೊಂದರಲ್ಲಿ ಪಾಕೀಟಿನ ತಣ್ಣನೆಯ ಹಸಿ ಹಾಲು.

"ಮೊದ್ಲು ಇದನ್ನ ಕುಡೀರಿ ಅಣ್ಣಾರ, ಮ್ಯಾಲೆ ಅದನ್ನ ಕುಡೀರಿ," ಅಂದಳು. "ಹೊಟ್ಯಾಗ ಎರಡೂ ಕೂಡತಾವ."

ಕುಡಿದೆ. ಹೊಟ್ಟೆಯಲ್ಲಿ ಕೂಡಿದವು, ಆದರೆ ಹೊಂದಿಕೊಳ್ಳಲಿಲ್ಲ. ಬಸ್ಸು ರಾಯಚೂರು ಮುಟ್ಟುವವರೆಗೆ ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಇದನ್ನು ಹೇಳಿದಾಗ ಮೆಹಬೂಬ್ ಸಾಬರು ತೊಡೆ ತಟ್ಟಿಕೊಂಡು ನಕ್ಕರು. "ಅರೇ ಪಂಪಣ್ಣ, ನಂಗೂ ಹಂಗ ಮಾಡ್ಯಾರ. ಪಂಪು ಕೂಡಸಾಕ ಹೋಗಿದ್ದೆ. ನಾ ಅಂದುಕೊಂಡೆ, ಇವರ ಕುಲದಾಗ ಹಿಂಗ ಇರಬೇಕು, ಕೇಳಿದ್ರ ಬ್ಯಾಸರ ಆಗ್ತದ ಅಂತ." ನಾನು ಜಿಪುಣ ಅಂದುಕೊಂಡಿದ್ದೆ, ಅವರು ಕುಲಾಚಾರ ಅಂದುಕೊಂಡಿದ್ದರು. ಇಬ್ಬರೂ ಕೇಳಿರಲಿಲ್ಲ. ಕೇಳುವುದೇ ನಮ್ಮ ಕಸುಬು ಅಂತ ತಮ್ಮನ ಮಗಳಿಗೆ ಹೇಳಿದೆನಲ್ಲ, ಅದನ್ನು ಓದುವಾಗ ಈ ಮಾತನ್ನೂ ಸೇರಿಸಿಕೊಂಡು ಓದಬೇಕು.

ಒಂದು ವರ್ಷ ಬೀರಪ್ಪನ ಲೆಕ್ಕದ ಮೇಲೆ ತೆರಿಗೆ ಕಚೇರಿಯಿಂದ ನೋಟೀಸು ಬಂತು. ಇಷ್ಟು ವರ್ಷದಿಂದ ಒಂದೇ ಜಾಗದಲ್ಲಿ ಕೆಲಸ ಇದ್ದರೂ ಮಸರಕಲ್ಲಿನಿಂದ ಬಂದು ಹೋದ ಜೀಪಿನ ಖರ್ಚು, ಶಕ್ತಿನಗರದಲ್ಲಿ ಉಳಿದ ಖರ್ಚು ಯಾಕೆ ತೋರಿಸಿದ್ದೀರಿ, ಬಂದು ವಿವರಿಸಿ ಎಂದು. ಸಾಹೇಬರಿಗೆ ಹುರುಪು ಬಂತು. ವಿಚಾರಣೆ ಅಂದರೆ ಅವರಿಗೆ ಕುಸ್ತಿಯ ಕರೆ ಬಂದ ಹಾಗೆ. "ಪ್ರತಿ ಸಲದ ಗುತ್ತಿಗೆನೂ ಒಂದೇ ವರ್ಷದ್ದು. ಅಂದ್ರ ತಾತ್ಪೂರ್ತಿಕ, ಕಾಯಂ ಅಲ್ಲ. ಅಲ್ಲಿ ಅವನಿಗೆ ಮನಿ ಇಲ್ಲ, ಬಾಗಿಲೂ ಇಲ್ಲ. ನಾವು ಗೆಲ್ತೀವಿ" ಅಂತ ಪುಸ್ತಕಗಳನ್ನು ಇಳಿಸತೊಡಗಿದರು.

ಅದೇ ವಾರ, ಮೆಟ್ಟಿಲಲ್ಲಿ ಬಳೆಯ ಸದ್ದು ಕೇಳಿಸಿತು. ಮಲ್ಲವ್ವ ಒಬ್ಬಳೇ ಬಂದಿದ್ದಳು. ಏದುಸಿರನ್ನೂ ಬಿಡದೆ ಸೀದಾ ಸಾಹೇಬರ ಮೇಜಿನ ಮುಂದೆ ನಿಂತಳು.

"ಸಾಹೇಬ್ರ, ನನ್ನ ಒಲಿ ಮ್ಯಾಲೆ ಹಾಲು ಇಡಾಕ ಪರವಾನಗಿ ಕೊಡ್ರಿ."

ಸಾಹೇಬರು ಕನ್ನಡಕ ತೆಗೆದರು. "ಏನು ಕೊಡ್ಲಿ?"

"ಪರವಾನಗಿ. ಹಾಲು ಕಾಸಾಕ."

"ತಾಯಿ, ಹಾಲು ಕಾಸಾಕ ನನ್ನ ಪರವಾನಗಿ ಯಾಕ ಬೇಕು?"

"ನೀವ ಬ್ಯಾಡ ಅಂದೀರಲ್ಲ!"

ಆಮೇಲೆ ಆಕೆ ಹೇಳತೊಡಗಿದಾಗ ನಾನು ಬರೆಯುವುದನ್ನು ಬಿಟ್ಟು ಕಿವಿಗೊಟ್ಟೆ. ಅವರ ಕಡೆ ಹೊಸ ಮನೆ ಹೊಕ್ಕಾಗ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸುತ್ತಾರೆ, ಉಕ್ಕಿದ ಹಾಲು ಒಲೆಗೆ ಬಿದ್ದರೆ ಅದು ಮನೆ. ಇದು ನಮಗೂ ಗೊತ್ತಿದ್ದದ್ದೇ. ಸಾಹೇಬರು ಹೇಳಿದ್ದು ಗೃಹಪ್ರವೇಶದ ಮಾತು. ಬೀರಪ್ಪನ ತಲೆಯಲ್ಲಿ ಅದು ಹಾಗೆ ಕೂರಲಿಲ್ಲ. ಶಾಸ್ತ್ರಕ್ಕೆ ಉಕ್ಕಿಸಿದರೂ ಅಷ್ಟೇ, ಕೈತಪ್ಪಿ ಉಕ್ಕಿದರೂ ಅಷ್ಟೇ, ಒಲೆ ಹಾಲು ಕುಡಿದರೆ ಕುಡಿದ ಹಾಗೇ ಅಂತ ಅವನ ತರ್ಕ. ಮೊದಲ ವರ್ಷ ಮಲ್ಲವ್ವ ಹಾಲು ಕಾಸುವಾಗಲೆಲ್ಲ ಅವನು ಕೈಯಲ್ಲಿ ಅರಿವೆ ಹಿಡಿದು ಒಲೆಯ ಪಕ್ಕದಲ್ಲಿ ಕೂಡುತ್ತಿದ್ದ. ಹಾಲು ಮೇಲೇಳುವ ಹೊತ್ತಿಗೆ ಚಕ್ಕನೆ ಪಾತ್ರೆ ಎತ್ತುತ್ತಿದ್ದ. ಒಮ್ಮೆ ಒಂದು ಹನಿ ಅಂಚಿನವರೆಗೆ ಬಂದು ನಿಂತಿತ್ತಂತೆ. ಅಂದಿನಿಂದ ಒಲೆಯ ಮೇಲೆ ಹಾಲನ್ನೇ ಇಡಗೊಡಲಿಲ್ಲ.

"ಉಕ್ಕಿದ ಹಾಲು ಬಿತ್ತು ಅಂದ್ರ ಒಲಿದೇವಿ ಕುಂತುಬಿಡ್ತಾಳ, ಆಮ್ಯಾಲೆ ಎಬ್ಬಸಾಕ ಬರಂಗಿಲ್ಲ ಅಂತಾರ್ರಿ ನಮ್ಮನ್ಯಾರು. ವರ್ಷಾ ವರ್ಷಾ ನಿಮ್ಮ ಕಾಗದಕ್ಕ ಅಲ್ಲಿ ಮನಿ ಇಲ್ಲ ಅಂತ ಅವರು ಹೆಬ್ಬಟ್ಟು ಒತ್ತತಾರ, ದೇವಿ ಕುಂತ ಮ್ಯಾಲೆ ಒತ್ತಿದ್ರ ಸುಳ್ಳು ಆಗ್ತದ, ಬೀರದೇವರು ಸುಮ್ಮನ ಬಿಡಂಗಿಲ್ಲ ಅಂತಾರ. ಇಷ್ಟು ವರ್ಷ ತಡಕೊಂಡೀನಿ. ಕರಿ ಚಾ ಕುಡುದು ಕುಡುದು ನನ್ನ ನಾಲಿಗಿ ಹಂಚಿನಂಗ ಆಗೇದ. ಈಗ ಆಗಂಗಿಲ್ಲ. ನನ್ನ ಮಗಳು ರೇಣುಕಾ ಬಸುರಿ ಅದಾಳ."

ವಿಷಯ ಇದ್ದದ್ದು ಅಲ್ಲಿ. ಮಗಳನ್ನು ನೀರಮಾನ್ವಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಮಸರಕಲ್ಲಿನ ಮನೆಯಲ್ಲಿ ಬೀರಪ್ಪನ ತಮ್ಮನ ಸಂಸಾರ, ಅಲ್ಲಿ ಆಗಲೇ ಒಬ್ಬ ಬಾಣಂತಿ. ಮಗಳು ಬಂದರೆ ತಾಯಿ ಇರುವಲ್ಲಿಗೇ ಬರಬೇಕು, ಅಂದರೆ ಈ ತಗಡಿನ ಶೆಡ್ಡಿಗೆ. ಬೀರಪ್ಪ ಒಲ್ಲೆ ಅನ್ನುತ್ತಿದ್ದ. ಬಾಣಂತಿ ಬಂದರೆ ಹಾಲು ಕಾಸಲೇಬೇಕು, ಕಾಸಿದರೆ ಎಂದಾದರೂ ಉಕ್ಕುತ್ತದೆ, ಉಕ್ಕಿದರೆ ಮನೆಯಾಗುತ್ತದೆ, ಮನೆಯಾದರೆ ಸಾಹೇಬರಿಗೆ ಕೊಟ್ಟ ಮಾತು ಮುರಿಯುತ್ತದೆ.

"ಬೀಗರು ಕೇಳಾಕತ್ತಾರ್ರಿ, ನಿಮ್ಮವ್ವನ ಮನಿ ಎಲ್ಲಿ ಅದ ಅಂತ. ಹುಡುಗಿ ಏನು ಹೇಳಬೇಕು?" ಮಲ್ಲವ್ವನ ದನಿ ಅಲ್ಲಿ ಮಾತ್ರ ಸ್ವಲ್ಪ ತಗ್ಗಿತು.

ದೇಸಾಯಿ ಸಾಹೇಬರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನಿಧಾನವಾಗಿ, "ನಾನು ಹೇಳಿದ್ದು ಒಂದು ವರ್ಷದ ಕೆಲಸಕ್ಕ..." ಅಂದರು.

"ಅವರು ಅಂತಾರ, ವರ್ಷಾನೂ ಗುತ್ತಿಗಿ ಒಂದ ವರ್ಷದ್ದು ಅಂತ."

ಇದು ಸಾಹೇಬರದೇ ವಾದ. ನೋಟೀಸಿಗೆ ಉತ್ತರವಾಗಿ ಅವರೇ ಬರೆಸಿದ್ದದ್ದು. ತಮ್ಮ ಮಾತು ತಮ್ಮ ಎದುರಿಗೇ ಸೀರೆ ಉಟ್ಟು ಬಂದು ನಿಂತದ್ದನ್ನು ಅವರು ನೋಡಿದರು. ಆದರೂ ಕುಸ್ತಿಯ ಚಟ ಬಿಡಬೇಕಲ್ಲ. "ತಾಯಿ, ವಿಚಾರಣೆ ಒಂದು ಮುಗೀಲಿ. ಅಲ್ಲಿತನಕ ತಡಕೋ" ಅಂದರು.

"ವಿಚಾರಣೆ ತಡೀತದ್ರಿ. ಬಸುರು ತಡೀತದೇನು?"

ವಿಚಾರಣೆಯ ದಿನ ಬೀರಪ್ಪನ ಜೊತೆ ಮಲ್ಲವ್ವನೂ ಬಂದಳು. ಅಧಿಕಾರಿ ಒಬ್ಬ ಹೆಣ್ಣುಮಗಳು, ಮೈಸೂರು ಕಡೆಯವರು, ನಮ್ಮ ಕಡೆಗೆ ಹೊಸದಾಗಿ ವರ್ಗವಾಗಿ ಬಂದವರು. ಸಾಹೇಬರು ಎದ್ದು ನಿಂತು ತಾತ್ಪೂರ್ತಿಕ ಎಂಬ ಶಬ್ದವನ್ನು ನಾನಾ ರಾಗದಲ್ಲಿ ಹಾಡಿದರು. ಮೇಡಂ ಎಲ್ಲ ಕೇಳಿ ಬೀರಪ್ಪನ ಕಡೆ ತಿರುಗಿದರು.

"ನಿಮ್ಮ ಮನೆ ಎಲ್ಲಿ?"

"ಮಸರಕಲ್ ರೀ."

"ಅಲ್ಲಿ ಯಾರಿದ್ದಾರೆ?"

"ತಮ್ಮ, ಅವನ ಹೇಣ್ತಿ, ಮಕ್ಕಳು, ಬೀರದೇವರು."

"ನೀವು?"

"ನಾ ಅಮಾಸಿಗೆ ಹೋಗತೀನ್ರಿ."

"ಅಮಾವಾಸ್ಯೆಗೆ ಮಾತ್ರವಾ?"

"ಹುಣ್ಣಿವಿಗೆ ಕೆಲಸ ಇರತದ್ರಿ."

ಸಾಹೇಬರು ಕೆಮ್ಮಿದರು. ನಾನು ಫೈಲಿನ ದಾರ ಬಿಚ್ಚಿ ಕಟ್ಟಿದೆ. ಆ ಹೊತ್ತಿಗೆ ಜವಾನ ಚಹಾ ತಂದ. ಮೇಡಂ ಒಳ್ಳೆಯವರು, ಎಲ್ಲರಿಗೂ ಕೊಡಲು ಹೇಳಿದರು. ಮಲ್ಲವ್ವ ಕಪ್ಪಿನೊಳಗೆ ನೋಡಿದಳು. ಹಾಲಿನ ಚಹಾ, ಮೇಲೆ ಕೆನೆಯ ಗೆರೆ. ಬಸಿಯಲ್ಲಿ ಸುರುವಿಕೊಂಡು, ಕಣ್ಣು ಮುಚ್ಚಿ, ಸದ್ದು ಮಾಡುತ್ತ ಕುಡಿದಳು. ಕುಡಿದು ಮುಗಿಸಿ ಬಸಿಯನ್ನು ಮೇಜಿನ ಮೇಲಿಟ್ಟು ಕೇಳಿದಳು:

"ಅಕ್ಕಾರ, ಇದು ನಿಮ್ಮ ಮನಿ ಏನ್ರಿ?"

"ಇಲ್ಲಮ್ಮ, ಇದು ಆಫೀಸು."

"ಮತ್ತ ಇಲ್ಲಿ ಹಾಲು ಕಾಸಾಕ ಬಿಟ್ಟಾರಲ್ಲ?"

ಮೇಡಂ ಸಾಹೇಬರನ್ನು ನೋಡಿದರು. ಸಾಹೇಬರು ಛತ್ತು ನೋಡಿದರು. ಬೀರಪ್ಪ ಹೆಂಡತಿಯ ಸೆರಗು ಜಗ್ಗಿ "ಸುಮ್ನಿರಬೇ" ಅಂದ. ಮೇಡಂ ಕೈ ಎತ್ತಿ ಅವನನ್ನು ತಡೆದು, "ಹೇಳಿ, ಏನು ವಿಷಯ?" ಅಂದರು. ಮಲ್ಲವ್ವ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅರಿವೆ ಹಿಡಿದು ಕೂತ ಗಂಡ, ಅಂಚಿಗೆ ಬಂದು ನಿಂತ ಹನಿ, ಎರಡು ಲೋಟದ ಚಹಾ, ಮಗಳ ಬಸುರು. ಎರಡು ಲೋಟದ ಭಾಗಕ್ಕೆ ಬಂದಾಗ ನನ್ನ ಕಡೆ ಕೈ ಮಾಡಿ, "ಬೇಕಾದ್ರ ಈ ಅಣ್ಣಾರನ್ನ ಕೇಳ್ರಿ, ಪಾಪ ಬಸ್ಸಿನಾಗ ಭಾಳ ತ್ರಾಸ ಆತಂತ" ಅಂದಳು. ಆ ಮಾತು ಅವಳವರೆಗೂ ಮುಟ್ಟಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೇಡಂ ಮೊದಲು ನಗು ತಡೆದರು, ಆಮೇಲೆ ತಡೆಯಲಿಲ್ಲ. ಕಣ್ಣೊರೆಸಿಕೊಂಡು ಹೇಳಿದರು: "ನೋಡಿ ಬೀರಪ್ಪನವರೇ, ಕಾನೂನಿನಲ್ಲಿ ಹಾಲಿನ ಮಾತೇ ಇಲ್ಲ. ನೀವು ಹಾಲು ಕಾಸಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಇಷ್ಟು ವರ್ಷ ಒಂದೇ ಏರಿ ಕಾಯ್ತಾ ಇದ್ದೀರಿ, ಇರೋದೂ ಅಲ್ಲೇ. ನಿಮ್ಮ ಕೆಲಸದ ಜಾಗ ಶಕ್ತಿನಗರ. ಅಮಾವಾಸ್ಯೆಗೆ ಊರಿಗೆ ಹೋಗೋದು ದೇವರಿಗೆ, ಕೆಲಸಕ್ಕಲ್ಲ. ಆ ಖರ್ಚು ಲೆಕ್ಕಕ್ಕೆ ಒಪ್ಪಲ್ಲ, ಶಕ್ತಿನಗರದಲ್ಲಿ ನೀವು ಉಂಡು ಉಳಿದಿದ್ದೂ ಒಪ್ಪಲ್ಲ. ಆದ್ರೆ ಶಕ್ತಿನಗರದಿಂದ ರಾಯಚೂರಿಗೆ ಸಿಮೆಂಟಿಗೆ, ದೇವದುರ್ಗಕ್ಕೆ ಕಲ್ಲಿಗೆ, ಮಾನ್ವಿಗೆ ಪಂಪಿಗೆ ಹೋಗಿದ್ದು ಇದೆಯಲ್ಲ, ಅದು ಕೆಲಸದ್ದೇ. ಅದನ್ನ ಯಾಕೆ ಪೂರ್ತಿ ತೋರಿಸಿಲ್ಲ?"

ಬೀರಪ್ಪ ನಾಚಿಕೊಂಡು, "ಅದು ದಿನಾ ಇದ್ದದ್ದ ಬಿಡ್ರಿ, ಅದೇನು ಪ್ರಯಾಣ ಅಂತ ಬಿಟ್ಟೆ" ಅಂದ. ಅವನ ಮಟ್ಟಿಗೆ ಪ್ರಯಾಣ ಅಂದರೆ ಊರಿಗೆ ಹೋಗುವುದು. ನಿಜವಾಗಿ ಸಲ್ಲುವ ಓಡಾಟವನ್ನು ಅವನು ಓಡಾಟ ಅಂತಲೇ ಲೆಕ್ಕ ಹಿಡಿದಿರಲಿಲ್ಲ. ನಾವೂ ಕೇಳಿರಲಿಲ್ಲ. ಕೊನೆಗೆ ತೆರಿಗೆ ಎಷ್ಟು ಬಿತ್ತು, ಖರ್ಚು ಎಷ್ಟು ನಿಂತಿತು ಎಂಬುದು ನನಗೆ ನೆನಪಿಲ್ಲ. ಹೊರಗೆ ಬಂದಾಗ ಬೀರಪ್ಪ ಸೋತವನಂತೆ ಕಾಣಲಿಲ್ಲ. ಯಾರೋ ತಲೆಯ ಮೇಲಿನ ಹೊರೆ ಇಳಿಸಿದಂತೆ ಕುತ್ತಿಗೆ ತಿರುಗಿಸಿಕೊಳ್ಳುತ್ತಿದ್ದ. ಸೋತವರಂತೆ ಕಂಡದ್ದು ಸಾಹೇಬರು. ಮೆಟ್ಟಿಲು ಇಳಿಯುವಾಗ ನನಗೆ ಮಾತ್ರ ಕೇಳಿಸುವಂತೆ, "ಪಂಪಣ್ಣ, ನಾವು ಎಷ್ಟು ಮಂದಿಗೆ ಏನೇನು ತಿರಗಿ ಹೇಳಿಸೀವಿ? ಅವರೆಲ್ಲ ಏನು ಮಾಡಾಕತ್ತಾರೋ ಏನೋ" ಅಂದರು.

ಮರುದಿನದಿಂದ ನಮ್ಮ ಕಚೇರಿಯ ಪದ್ಧತಿ ಬದಲಾಯಿತು. ಬಂದ ಗುತ್ತೇದಾರನನ್ನು ಮೊದಲು ಕೇಳುವುದು: "ಹೋದ ಸಲ ನಾವು ಏನು ಹೇಳಿದ್ವಿ? ಅದನ್ನ ಇನ್ನೂ ಮಾಡಾಕತ್ತೀಯೇನು?" ಉತ್ತರಗಳು ಒಂದಕ್ಕಿಂತ ಒಂದು ವಿಚಿತ್ರವಾಗಿದ್ದವು. ಕಾರಣ ಬರೆಯದೆ ಜೀಪು ಹತ್ತಬೇಡ ಅಂತ ಒಮ್ಮೆ ಅನ್ನಿಸಿಕೊಂಡಿದ್ದ ಒಬ್ಬ ಮುದುಕ, ಬರೆಯಲು ಬಾರದ್ದರಿಂದ ಅಂದಿನಿಂದ ಎಲ್ಲ ಕಡೆ ನಡೆದೇ ಹೋಗುತ್ತಿದ್ದ. ಆರೋಗ್ಯ ಮಾತ್ರ ಚೆನ್ನಾಗಿತ್ತು.

ಈಗ ಕಾನೂನಿನ ಕಲಮಿನ ನಂಬರುಗಳು ಬದಲಾಗುತ್ತವೆ, ವಿಚಾರಣೆ ಮುಖ ನೋಡದೆ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಒಳ್ಳೆಯದೇ. ನಮ್ಮ ಕಡಿದಾದ ಮೆಟ್ಟಿಲನ್ನು ಯಾರೂ ಹತ್ತಬೇಕಿಲ್ಲ. ಆದರೆ ತಮ್ಮನ ಮಗಳನ್ನು ನಾನು ಕೇಳಿದೆ: "ಇದು ನಿಮ್ಮ ಮನಿ ಏನ್ರಿ ಅಂತ ಮಲ್ಲವ್ವ ಕೇಳಿದ್ದನ್ನ ನೀ ಯಾವ ಕಾಲಮ್ಮಿನಾಗ ತುಂಬಿಸ್ತಿ?" ಅವಳು ಯೋಚಿಸಿ, "ಇತರೆ ವಿವರ" ಅಂದಳು. ಪರವಾಗಿಲ್ಲ, ಮುಂದೆ ಬರುತ್ತಾಳೆ.

ಶೆಡ್ಡಿನ ಜಾಗದಲ್ಲಿ ಗೋಡೆ ಎದ್ದಿತು, ಬಾಗಿಲು ಬಂತು, ಮಲ್ಲವ್ವನಿಗೆ ಒಳಗೇ ಒಲೆ ಆಯಿತು. ತುಂಬಿದ ಬಸುರಿ ರೇಣುಕಾ ಬರುವ ದಿನವೇ ಹಾಲು ಉಕ್ಕಿಸುವುದೆಂದು ಗೊತ್ತುಮಾಡಿ ನಮ್ಮನ್ನೂ ಕರೆದಿದ್ದರು. ಸಾಹೇಬರು, ನಾನು, ಮೆಹಬೂಬ್ ಸಾಬರು ಹೋದೆವು. ಒಲೆಗೆ ಅರಿಷಿಣ ಕುಂಕುಮ ಹಚ್ಚಿ, ಅವರದೇ ಆಡಿನ ಹಾಲಿಟ್ಟಿದ್ದರು. ರೇಣುಕಾ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎಲ್ಲರೂ ಪಾತ್ರೆಯನ್ನೇ ನೋಡುತ್ತಿದ್ದೆವು. ಹಾಲು ಗುಳುಗುಳು ಅಂದಿತು, ಕೆನೆ ಅಲುಗಿತು, ಮೇಲೆದ್ದಿತು. ಬೀರಪ್ಪ ಚಕ್ಕನೆ ಹೆಗಲ ಮೇಲಿನ ಅರಿವೆ ತೆಗೆದು ಪಾತ್ರೆಯನ್ನು ಎತ್ತಿಬಿಟ್ಟ.

"ಏ ಮಾರಾಯಾ, ಇಡು ಕೆಳಗ!" ಮಲ್ಲವ್ವ ಕೂಗಿದಳು.

ಪಾಪ, ನಾಚಿಕೊಂಡು ಇಟ್ಟ. ಮತ್ತೆ ಹಾಲು ಮೇಲೆದ್ದಿತು. ಮತ್ತೆ ಅವನ ಕೈ ಅವನನ್ನು ಕೇಳದೆ ಹೋಗಿ ಎತ್ತಿತು.

"ನಾ ಎತ್ತಿಲ್ಲಬೇ, ಕೈ ಎತ್ತತದ!" ಅಂದ.

ಮೆಹಬೂಬ್ ಸಾಬರು, "ಅವರಪ್ಪಂದು ಕುರಿ ತಪ್ಪಿಸಿಕೊಂಡಾವೋ ಏನೋ, ಹಿಡಿಯಾಕ ಹಾರತಾನ" ಅಂತ ನಗತೊಡಗಿದರು. ರೇಣುಕಾ ಹೊಟ್ಟೆ ಹಿಡಿದುಕೊಂಡು, "ಯಪ್ಪಾ ನಗಸಬ್ಯಾಡ, ಇಲ್ಲೇ ಹಡೀತೀನಿ" ಅಂದಳು. ಆಗ ಮಲ್ಲವ್ವ ಸಾಹೇಬರ ಕಡೆ ತಿರುಗಿದಳು.

"ನೀವ ಕಲಿಸಿದ್ದು. ನೀವ ಹಿಡೀರಿ."

ದೇಸಾಯಿ ಸಾಹೇಬರು ಕೋಟನ್ನು ನನ್ನ ಕೈಗೆ ಕೊಟ್ಟು, ಒಲೆಯ ಹತ್ತಿರ ಹೋಗಿ, ಬೀರಪ್ಪನ ಎರಡೂ ಕೈಗಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡರು. ಹಾಲು ಮೂರನೆಯ ಸಲ ಎದ್ದಿತು. ಬೀರಪ್ಪನ ತೋಳು ಜಗ್ಗಿತು, ಸಾಹೇಬರು ಬಿಡಲಿಲ್ಲ. ಅಂಚಿಗೆ ಬಂದು ಒಂದು ಗಳಿಗೆ ನಿಂತಂತೆ ಮಾಡಿ, ಹಾಲು ಸುಂಯ್ ಅಂತ ನಾಲ್ಕೂ ಕಡೆಯಿಂದ ಒಲೆಗೆ ಇಳಿಯಿತು. ಮನೆ ತುಂಬ ಸುಟ್ಟ ಹಾಲಿನ ಘಮ.

ಮಲ್ಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದಳು: "ಈಗ ಇದು ಏನು, ಹೇಳ್ರಿ ಸಾಹೇಬ್ರ."

"ಮನಿ," ಅಂದರು ಸಾಹೇಬರು, ಇನ್ನೂ ಬೀರಪ್ಪನ ಕೈ ಬಿಡದೆ.

"ತಿರಗಿ ಹೇಳ್ರಿ."

ಆ ಸೀಮೆಯ ಗುತ್ತೇದಾರರನ್ನೆಲ್ಲ ಶಾಲೆಯ ಹುಡುಗರಂತೆ ನಿಲ್ಲಿಸಿದ್ದ ದೇಸಾಯಿ ಸಾಹೇಬರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗೋಡೆಗೆ ಒರಗಿ ಕೂತ ರೇಣುಕಾಳನ್ನು ನೋಡಿದರು. ಆಮೇಲೆ ಸ್ಪಷ್ಟವಾಗಿ, ತಪ್ಪಿಲ್ಲದೆ, ತಿರುಗಿ ಹೇಳಿದರು.